ಮಿಷನ್ನಿನ ಬಾಯೊಳಗಿನ ರಂಗಯ್ಯ

ರಾಮನಗರದಲ್ಲಿ ಕುರ್ಚಿ ಎಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ರಾಜಕೀಯ. ನಟರಾಜುವಿನ ಕುರ್ಚಿ ಆ ಜಾತಿಯದಲ್ಲ. ಅದಕ್ಕೆ ಐದು ಗಾಲಿಗಳಿದ್ದವು, ಅದರಲ್ಲಿ ಒಂದು ಮುಷ್ಕರ ಹೂಡಿ ಎಷ್ಟೋ ಕಾಲವಾಗಿತ್ತು. ಎಡಕ್ಕೆ ತಿರುಗಿದರೆ ಸುಮ್ಮನೆ ತಿರುಗುತ್ತಿತ್ತು, ಬಲಕ್ಕೆ ತಿರುಗಿದರೆ ಎಮ್ಮೆಯ ಹಾಗೆ ಒಂದು ಸಲ ನರಳಿ ಆಮೇಲೆ ತಿರುಗುತ್ತಿತ್ತು. ಆದರೂ ಆ ಕುರ್ಚಿ ಬಿಟ್ಟುಕೊಡು ಎಂದರೆ ನಟರಾಜು ಬಿಡುವವನಲ್ಲ. ಕಾರಣ, ಅದು ಇದ್ದದ್ದು ಏಸಿ ರೂಮಿನಲ್ಲಿ.

ಏಸಿ ಹಾಕಿಸಿದ್ದು ನಟರಾಜುವಿಗಲ್ಲ, ಅಲ್ಲಿದ್ದ ಕಂಪ್ಯೂಟರಿಗೆ. ಆದರೆ ತಣ್ಣನೆ ಗಾಳಿಗೆ ಇದು ಮಿಷನ್ನು, ಇವನು ಮನುಷ್ಯ ಎಂಬ ಭೇದವಿಲ್ಲ.

ಮಾಗಡಿ ರಸ್ತೆಯಲ್ಲಿ ಊರು ಮುಗಿಯುವ ಕಡೆ ಇದ್ದ ಆ ಕಾರ್ಖಾನೆ ವಹಾಬ್ ಸಾಹೇಬರದು. ಅವರ ತಂದೆ ಜೀವಮಾನವೆಲ್ಲ ಬಿಸಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದವರು. ಹೊಸ ಶತಮಾನ ಬಂತು, ಬಿಡದಿ ಕಡೆ ಕಾರಿನ ಕಾರ್ಖಾನೆ, ಹಾರೋಹಳ್ಳಿ ಕಡೆ ಔಷಧಿ ಕಾರ್ಖಾನೆ ಎಂದು ಹೊಲಗಳಲ್ಲೆಲ್ಲ ತಗಡಿನ ಶೆಡ್ಡುಗಳೆದ್ದವು. ಎಲ್ಲರೂ ಶೆಡ್ಡು ಕಟ್ಟುವಾಗ ನಾವು ಬಾಣಲೆ ಹಿಡಿದುಕೊಂಡು ಕೂತರೆ ಹೇಗೆ ಎಂದು ಸಾಹೇಬರೂ ಒಂದು ಕಟ್ಟಿದರು. ಒಂದು ಪಕ್ಕ ನೂಲು ಹುರಿ ಮಾಡುವ ಮಿಷನ್ನುಗಳು, ಇನ್ನೊಂದು ಪಕ್ಕ ಬಣ್ಣದ ತೊಟ್ಟಿಗಳು, ಹಿಂದೆ ಸೌದೆ ಉರಿಸುವ ಬಾಯ್ಲರು.

ತಿಪ್ಪಸಂದ್ರದ ಪಕ್ಕದ ಹಳ್ಳಿಯ ನಟರಾಜು ಎಸ್ಸೆಸ್ಸೆಲ್ಸಿಯ ಗಣಿತವನ್ನು ಎರಡನೇ ದಂಡಯಾತ್ರೆಯಲ್ಲಿ ಗೆದ್ದು, ಐಟಿಐ ಮುಗಿಸಿ, ಮೊದಲು ಸೇರಿದ್ದು ಆ ಬಾಯ್ಲರಿಗೆ. ನೀಲಗಿರಿ ಸೌದೆ ಒಟ್ಟುವುದು, ಬೂದಿ ಎಳೆಯುವುದು, ಹೊಗೆ ಕುಡಿಯುವುದು. ಕೆಲವು ವರ್ಷ ಹೊಗೆ ಕುಡಿದ ಮೇಲೆ ಅವನ ಎದೆಯೂ ಒಂದು ಸಣ್ಣ ಬಾಯ್ಲರಿನ ಹಾಗೆ ಸಿಳ್ಳೆ ಹಾಕತೊಡಗಿತು. ಉಬ್ಬಸ. ‘ಇನ್ನು ಹೊಗೆ ಹತ್ತಿರ ಹೋದರೆ ನನ್ನ ಹತ್ತಿರ ಬರಬೇಡ’ ಎಂದರು ಡಾಕ್ಟರು. ಸಾಹೇಬರು ಒಂದು ವಾರ ಯೋಚಿಸಿ ಅವನನ್ನು ಕಂಪ್ಯೂಟರ್ ರೂಮಿಗೆ ಹಾಕಿದರು. ‘ನಂಗೆ ಅದ್ರಲ್ಲಿ ಏನೂ ಬರಲ್ಲ ಸಾಹೇಬ್ರೇ’ ಎಂದ ನಟರಾಜು. ‘ನಂಗೂ ಬರಲ್ಲ. ಯಾರಾದ್ರೂ ಒಬ್ರು ಕೂತಿರ್ಬೇಕಲ್ಲ’ ಎಂದರು ಸಾಹೇಬರು. ನಮ್ಮ ಕಡೆ ಎಷ್ಟೋ ದೊಡ್ಡ ಹುದ್ದೆಗಳು ಹೀಗೇ ಭರ್ತಿಯಾಗುತ್ತವೆ.

ಸಂಜೆ ಕ್ಲಾಸಿಗೆ ಹೋಗಿ ಒಸಿ ಕಲಿತ. ಊರಲ್ಲಿ ಅವನನ್ನು ‘ಇಂಜಿನೀರು’ ಎಂದರು, ಅವನು ತಿದ್ದಲಿಲ್ಲ.

ಆ ಕಂಪ್ಯೂಟರಿನ ಕೆಲಸ ಬಣ್ಣ ಬೆರೆಸುವುದು. ರಾಮಾ ಹಸಿರಿಗೆ ಯಾವ ಪುಡಿ ಎಷ್ಟು, ನೀರು ಎಷ್ಟು ಬಿಸಿ, ನೂಲಿನ ಲಡಿಗಳನ್ನು ಎಷ್ಟು ಹೊತ್ತು ಮುಳುಗಿಸಬೇಕು, ಎಲ್ಲ ಅದರೊಳಗಿನ ಪ್ರೋಗ್ರಾಮಿಗೇ ಗೊತ್ತು. ಅದನ್ನು ಬರೆದವರು ಕೊಯಮತ್ತೂರಿನ ಯಾರೋ. ಬೆರಳುದ್ದದ ಒಂದು ಕೀಲಿಯನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದರು. ಪ್ರೋಗ್ರಾಮು ಶುರುವಾಗುವಾಗ ಆ ಕೀಲಿ ಇದೆಯೇ ಎಂದು ನೋಡುತ್ತದೆ, ಇದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ದಿನ ಸಿಡಿಲು ಬಡಿದು ಆ ಕೀಲಿ ಸುಟ್ಟು ಕರಿಕಾಯಿತು. ಕೊಯಮತ್ತೂರಿಗೆ ಫೋನು ಮಾಡಿದರೆ ಅವರು ಅಂಗಡಿ ಮುಚ್ಚಿ ಹೋಗಿದ್ದರು. ಅದೃಷ್ಟಕ್ಕೆ ಆ ಹೊತ್ತಿಗೆ ಪ್ರೋಗ್ರಾಮು ಎದ್ದಿತ್ತು. ಎದ್ದದ್ದನ್ನು ಮತ್ತೆ ಮಲಗಗೊಡಬಾರದು, ಅಷ್ಟೆ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ಜನರೇಟರು. ಅಂದಿನಿಂದ ನಟರಾಜುವಿನ ನಿಜವಾದ ಉದ್ಯೋಗ ಒಂದು ಮಿಷನ್ನು ತೂಕಡಿಸದಂತೆ ನೋಡಿಕೊಳ್ಳುವುದು. ತಾನು ತೂಕಡಿಸಬಾರದು ಎಂದು ಯಾರೂ ಹೇಳಿರಲಿಲ್ಲ.

ಹೀಗಿರುವಾಗ ಆ ಕಂಪ್ಯೂಟರಿನ ಕಬ್ಬಿಣದ ಡಬ್ಬಿಗೇ ವಯಸ್ಸಾಯಿತು. ಅದರ ಫ್ಯಾನು ರಾಗಿ ಮಿಲ್ಲಿನಂತೆ ಸದ್ದು ಮಾಡತೊಡಗಿತು. ಸಾಹೇಬರು ಹೊಸ ಡಬ್ಬಿ ತರಿಸಿದರು. ಹಳೆಯದರಿಂದ ಹೊಸದಕ್ಕೆ ದಾಟಿಸಲು ಬೆಂಗಳೂರಿನ ಕಂಪನಿಯಿಂದ ಬಂದವಳು ಜುವೇರಿಯಾ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಮಗಳು. ಎರಡು ವರ್ಷದ ಹಿಂದೆ, ಕೀಲಿ ಸುಡುವ ಮೊದಲು, ಇದೇ ಮಿಷನ್ನನ್ನು ಆ ಡಬ್ಬಿಯೊಳಗೆ ಕೂರಿಸಿದ್ದವಳೂ ಅವಳೇ.

ಅದೇನು ಕೂರಿಸುವುದು ಎಂದರೆ, ಬಣ್ಣದ ಪ್ರೋಗ್ರಾಮು ಓಡುತ್ತಿದ್ದದ್ದು ನೇರವಾಗಿ ಆ ಕಬ್ಬಿಣದ ಡಬ್ಬಿಯಲ್ಲಲ್ಲ. ಡಬ್ಬಿಯೊಳಗೆ ಇನ್ನೊಂದು ಕಂಪ್ಯೂಟರಿತ್ತು, ಅದಕ್ಕೆ ಕಬ್ಬಿಣವೇ ಇಲ್ಲ. ಆದರೆ ತನಗೂ ಎಲ್ಲರ ಹಾಗೆ ಮೈಕೈ ಇದೆ, ಕೀಲಿಮಣೆ ಇದೆ, ಸಿಡಿ ಹಾಕುವ ಬಾಯಿದೆ ಎಂದು ಅದು ನಂಬಿಕೊಂಡಿತ್ತು. ನಟರಾಜು ಇದನ್ನು ಊರಲ್ಲಿ ‘ಬಸುರಿ ಹೊಟ್ಟೇಲಿ ಕೂಸಿರೋ ಹಂಗೆ’ ಎಂದು ವಿವರಿಸಿ ಮರ್ಯಾದೆ ಗಳಿಸಿದ್ದ.

“ಆಫ್ ಮಾಡೋದಿಲ್ಲ ನಟರಾಜಣ್ಣ,” ಎಂದಳು ಜುವೇರಿಯಾ. “ಆಫ್ ಮಾಡಿದರೆ ಪ್ರೋಗ್ರಾಂ ಕೀಲಿ ಕೇಳುತ್ತೆ. ಎದ್ದಿರೋದನ್ನ ಹಾಗೇ ನಿಲ್ಲಿಸಿ, ಇರೋ ಸ್ಥಿತಿಯನ್ನ ಹಾಗೇ ಫೈಲಲ್ಲಿ ಕಟ್ಟಿ, ಆ ಕಡೆ ಬಿಚ್ಚೋದು. ಮಧ್ಯೆ ತಾನು ನಿಂತಿದ್ದೆ ಅನ್ನೋದೇ ಅದಕ್ಕೆ ಗೊತ್ತಾಗಲ್ಲ.”

“ಕಣ್ಣು ಮುಚ್ಚಿ ಬಿಟ್ಟ ಹಂಗೆ.”

“ಹಾಗೇ. ಡ್ರೈವ್‌ನಲ್ಲಿ ಸಿಡಿ ಗಿಡಿ ಏನಾದ್ರೂ ಇದೆಯಾ?”

“ಏನೂ ಇಲ್ಲ ಮೇಡಂ.”

ಅವನು ಸುಳ್ಳು ಹೇಳಲಿಲ್ಲ. ಹಿಂದಿನ ವರ್ಷದ ಆಯುಧಪೂಜೆಯಲ್ಲಿ ಬಾಯ್ಲರಿಗೆ ಮೂರು ಪಟ್ಟೆ ವಿಭೂತಿ, ಹುರಿ ಮಿಷನ್ನಿಗೆ ಬಾಳೆಕಂದು, ಸಾಹೇಬರ ವ್ಯಾನಿನ ಗಾಲಿಗೆ ನಿಂಬೆಹಣ್ಣು ಎಂದು ಎಲ್ಲಕ್ಕೂ ಆಗಿತ್ತು. ಸಾಹೇಬರು ಎಂದಿನಂತೆ ಕೈಕಟ್ಟಿ ನಿಂತಿದ್ದು ಎಲ್ಲರಿಗೂ ಸಿಹಿ ಕೊಟ್ಟಿದ್ದರು. ಕಂಪ್ಯೂಟರಿಗೆ ಏನು ಮಾಡುವುದು? ಗಾಲಿಯಿಲ್ಲ, ಚೂರಿಯಿಲ್ಲ. ಪರದೆಗೆ ಕುಂಕುಮ ಇಟ್ಟಮೇಲೂ ನಟರಾಜುವಿಗೆ ಸಮಾಧಾನವಾಗದೆ, ಅದರ ಸಿಡಿ ಬಾಯಿ ತೆರೆಸಿ, ಅವನ ಸೋದರಮಾವ ಮುನಿಶಾಮಯ್ಯನ ತಿಪ್ಪಸಂದ್ರದ ಭಜನೆ ಮಂಡಳಿಯವರು ಮಾಗಡಿಯಲ್ಲಿ ಹಾಡಿ ಮಾಡಿಸಿದ್ದ ರಂಗನಾಥನ ಸಿಡಿಯನ್ನು ಒಳಗಿಟ್ಟ. ಹಾಡಿಸಿದ. ಸದ್ದು ಕೇಳಿದರೆ ಬಣ್ಣದವರು ಬಂದು ಕೂತಾರು ಎಂದು ಸ್ಪೀಕರಿನ ವೈರು ಕಿತ್ತಿಟ್ಟ. ದೇವರಿಗೆ ಕೇಳಿಸಿದರೆ ಸಾಕು. ಮುಗಿದ ಹಾಡು ತಾನಾಗಿ ಮತ್ತೆ ಶುರುವಾಗುವಂತೆ ಮಾಡಿದ. ಅಲ್ಲಿಂದ ಮುನಿಶಾಮಯ್ಯ ಆ ಡಬ್ಬಿಯೊಳಗೆ ಸದ್ದಿಲ್ಲದೆ ಹಾಡುತ್ತಲೇ ಇದ್ದ. ಮಿಷನ್ನೂ ಒಂದು ದಿನ ಕೆಮ್ಮಿರಲಿಲ್ಲ.

ನಟರಾಜುವಿನ ಲೆಕ್ಕದಲ್ಲಿ ಅದು ಸಿಡಿಯೇ ಅಲ್ಲ. ಗೋಡೆಗೆ ಹಚ್ಚಿದ ಅರಿಶಿನವನ್ನು ಯಾರಾದರೂ ಪೇಂಟು ಎನ್ನುತ್ತಾರೆಯೇ? ಗಾಲಿಯ ಕೆಳಗಿನ ನಿಂಬೆಹಣ್ಣನ್ನು ಯಾರಾದರೂ ಪಾನಕಕ್ಕೆ ಎಣಿಸುತ್ತಾರೆಯೇ? ಇದೂ ಹಾಗೆ.

ಬೆಳಿಗ್ಗೆ ಬಣ್ಣದ ತೊಟ್ಟಿಗಳನ್ನು ನಿಲ್ಲಿಸಿ ಜುವೇರಿಯಾ ಮಿಷನ್ನನ್ನು ಇದ್ದಲ್ಲೇ ಹಿಡಿದು ನಿಲ್ಲಿಸಿದಳು. ಫೈಲು ಹೊಸ ಡಬ್ಬಿಗೆ ಹೋಯಿತು. ಹಳೆಯದರ ಸ್ವಿಚ್ಚು ಒತ್ತಿದಳು. ರಾಗಿ ಮಿಲ್ಲಿನ ಸದ್ದು ನಿಂತು ರೂಮಿನಲ್ಲಿ ಎಷ್ಟು ಮೌನವಾಯಿತೆಂದರೆ ನಟರಾಜುವಿಗೆ ತನ್ನ ಎದೆಯ ಸಿಳ್ಳೆ ಕೇಳಿಸಿತು. ಅವಳು ಚಾ ಕುಡಿಯಲು ಹೊರಗೆ ಹೋದಳು.

ಆಗ ಗೇಟಿನ ಹತ್ತಿರ ಮುನಿಶಾಮಯ್ಯ ಬಂದು ನಿಂತ. ಗೂಡಿನ ಮಾರ್ಕೆಟ್ಟಿಗೆ ಬಂದಿದ್ದವನು ಹಾಗೇ ಅಕ್ಕನ ಮಗನನ್ನು ನೋಡಲು ಬಂದಿದ್ದ. ಮಂಡಳಿಯ ಹತ್ತಿರ ಉಳಿದಿದ್ದ ಒಂದೇ ಸಿಡಿಯನ್ನು ಯಾರೋ ನೆಲಕ್ಕೆ ಹಾಕಿ ತುಳಿದರಂತೆ, ಶ್ರಾವಣ ಶನಿವಾರಕ್ಕೆ ಬೇಕಿತ್ತಂತೆ. ನಟರಾಜು ಹಳೆಯ ಡಬ್ಬಿಯನ್ನು ನೋಡಿದ. ಮಾರನೆಯ ದಿನ ಅದು ಗುಜರಿಗೆ ಹೋಗುವುದು. ದೇವರನ್ನು ಗುಜರಿಗೆ ಹಾಕುವುದುಂಟೇ? ಅದರ ಬಾಯ ಪಕ್ಕದ ಸಣ್ಣ ತೂತಿಗೆ ಪಿನ್ನು ಚುಚ್ಚಿ ತೆರೆಸಿ, ಸಿಡಿ ತೆಗೆದು, ಕಣ್ಣಿಗೊತ್ತಿಕೊಂಡು, ಮಾವನ ಕೈಗಿಟ್ಟ. ಮಾವ ಮಾಗಡಿ ಬಸ್ಸು ಹತ್ತಿದ. ಎಲ್ಲರಿಗೂ ಒಳ್ಳೆಯದಾಯಿತು ಎಂಬ ತೃಪ್ತಿಯಲ್ಲಿ ನಟರಾಜು ಒಂದು ಸುತ್ತು ಕುರ್ಚಿ ತಿರುಗಿಸಿದ.

ಹೊಸ ಡಬ್ಬಿಯಲ್ಲಿ ಮಿಷನ್ನು ಏಳಲಿಲ್ಲ.

ಜುವೇರಿಯಾ ಇನ್ನೊಮ್ಮೆ ಎಬ್ಬಿಸಿ ನೋಡಿದಳು. ಇಲ್ಲ. ಪರದೆಯ ಮೇಲೆ ಬಂದ ಸಾಲನ್ನು ಓದಿ, ಕುರ್ಚಿ ಎಳೆದುಕೊಂಡು ಕೂತಳು. ಅದು ನಟರಾಜುವಿನ ಕುರ್ಚಿ.

“ಸಿಡಿ ಭಾಗದಲ್ಲಿ ನಿಂತಿದೆ,” ಎಂದಳು. “ಇದು ಕಟ್ಟಿಡೋವಾಗ ಒಂದೊಂದು ಭಾಗವನ್ನೂ ಹೆಸರು ಹಾಕಿ ಬೇರೆ ಬೇರೆ ಬರೀತದೆ. ಮೆಮೊರಿಯಲ್ಲಿ ಏನಿತ್ತು, ಪರದೆ ಮೇಲೆ ಏನಿತ್ತು, ಡ್ರೈವ್‌ನಲ್ಲಿ ಏನಿತ್ತು. ಈ ಕಡೆ ಬಿಚ್ಚೋನು ಅದೇ ಸಾಲಿನಲ್ಲಿ ಓದಿಕೊಂಡು ಬರ್ತಾನೆ. ‘ಬಾಯಲ್ಲಿ ಒಂದು ಸಿಡಿ ಇದೆ, ಅದನ್ನ ಅರ್ಧ ಓದಿದ್ದೀನಿ’ ಅಂತ ಬರೆದಿದೆ. ಇಲ್ಲಿ ನೋಡಿದರೆ ಬಾಯಿ ಖಾಲಿ.”

“ಅದೊಂದನ್ನ ಬಿಟ್ಟು ಮಿಕ್ಕಿದ್ದ ಎಬ್ಬಿಸಿದ್ರಾಗಲ್ವಾ ಮೇಡಂ?”

“ಒಂದು ಸುಳ್ಳು ಅಂತ ಕಂಡರೆ ಮಿಕ್ಕಿದ್ದೂ ನಂಬಲ್ಲ ಅದು. ಊಹೆ ಮೇಲೆ ಎದ್ದು, ತೊಟ್ಟಿಗೆ ಬಣ್ಣ ಹೆಚ್ಚುಕಮ್ಮಿ ಸುರಿದರೆ? ಅರೆಬರೆ ಎಬ್ಬಿಸೋದಕ್ಕಿಂತ ಎಬ್ಬಿಸದೇ ಇರೋದೇ ಮೇಲು.”

ತನ್ನ ಬ್ಯಾಗಿನಿಂದ ಬೇರೊಂದು ಸಿಡಿ ತೆಗೆದು ಹಾಕಿ ನೋಡಿದಳು. ಅಳತೆ ಬೇರೆ ಎಂದು ಅದನ್ನೂ ಒಲ್ಲೆನೆಂದಿತು. ಸರಿ, ಹಳೆಯ ಡಬ್ಬಿಯಲ್ಲೇ ಮತ್ತೆ ಎಬ್ಬಿಸಿ ಸರಿಮಾಡೋಣ ಎಂದು ಅದರ ಸ್ವಿಚ್ಚು ಒತ್ತಿದಳು. ಅದು ಒಳಗೆಲ್ಲೋ ಪಟ್ ಎಂದು, ಸುಟ್ಟ ವಾಸನೆ ಬಿಟ್ಟು, ಸುಮ್ಮನಾಯಿತು. ಕೊನೆಯ ಸಲ ನಿಲ್ಲಿಸಲಿ ಎಂದೇ ಕಾದಿದ್ದಂತಿತ್ತು.

“ಬೆಳಿಗ್ಗೆ ಕೇಳಿದ್ದೆನಲ್ಲ ಅಣ್ಣ, ಸಿಡಿ ಇದೆಯಾ ಅಂತ.”

“ಸಿಡಿ ಇರಲಿಲ್ಲ ಮೇಡಂ,” ಎಂದ ನಟರಾಜು. ಆಮೇಲೆ ಮೆಲ್ಲಗೆ, “ದೇವರಿದ್ದ.”

ಎಲ್ಲ ಹೇಳಿದ. ಜುವೇರಿಯಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ನಮ್ಮ ಅಬ್ಬಾ ಹೊಸ ಮೋಟರಿಗೆ ತಾಯತ ಕಟ್ಟಿ ಅದರ ಗಾಳಿಯ ತೂತು ಮುಚ್ಚಿಬಿಟ್ಟಿದ್ದರು,” ಎಂದಳು. “ಫೈಲು ಇಲ್ಲಿ ಭದ್ರವಾಗಿದೆ. ಅದೇ ಸಿಡಿ ತನ್ನಿ. ಇಲ್ಲದಿದ್ದರೆ ನಮ್ಮ ಆಫೀಸಿನಲ್ಲಿ ಆ ಫೈಲನ್ನೇ ತಿದ್ದಿಸಬೇಕು, ಆಗುತ್ತೋ ಇಲ್ಲವೋ ಹೇಳೋಕಾಗಲ್ಲ.”

ಅಷ್ಟರಲ್ಲಿ ವಹಾಬ್ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಅವರು ದನಿ ಏರಿಸುವವರಲ್ಲ. ಅದೇ ಕಷ್ಟ.

“ನಟರಾಜು, ಮಿಷನ್ನೇ ಇಲ್ಲ ಅಂದ್ಮೇಲೆ ರೂಮು ಯಾಕಪ್ಪ? ಬಣ್ಣ ಬೆರೆಸೋದಕ್ಕೆ ಹೊರಗಿನೋರಿಗೆ ಕೊಡಬೇಕಾಗ್ತದೆ. ಈ ರೂಮಿಗೆ ಪುಡಿ ಮೂಟೆ ಹಾಕಿಸ್ತೀನಿ.” ಮೂಲೆಗಳತ್ತ ಕಣ್ಣಾಡಿಸಿ, “ಬಾಯ್ಲರ್ ಹತ್ತಿರ ಆಳು ಕಮ್ಮಿ ಐತೆ. ನಿನಗೆ ಬೇರೆ ಜಾಗ ಎಲ್ಲಿ ಹುಡುಕಲಿ ಹೇಳು.”

ನಟರಾಜು ಹೊರಗೆ ನೋಡಿದ. ಕಿಟಕಿಯಾಚೆ ಬಾಯ್ಲರಿನ ಚಿಮಣಿ ಕಾಣುತ್ತಿತ್ತು.

ಮಾವನಿಗೆ ಫೋನು ಮಾಡಿದ. ಮುನಿಶಾಮಯ್ಯನಿಗೆ ಮೊಬೈಲು ಇತ್ತು, ಆದರೆ ಬೆಲೆಬಾಳುವ ವಸ್ತು ಎಂದು ಅದನ್ನು ಸದಾ ಮನೆಯ ದೇವರ ಗೂಡಿನಲ್ಲಿಟ್ಟು ಹೋಗುತ್ತಿದ್ದ. ಅಲ್ಲಿ ಅದು ಗಂಟೆಯ ಜೊತೆ ಸ್ಪರ್ಧೆಗೆ ಬಿದ್ದಂತೆ ಬಡಿದುಕೊಂಡು ಸುಮ್ಮನಾಯಿತು. ನಟರಾಜು ಬಸ್ಸು ಹತ್ತಿದ.

ಮಾಗಡಿಯ ದಾರಿಯುದ್ದಕ್ಕೂ ಅವನ ತಲೆಯಲ್ಲಿ ತಿರುಗಿದ್ದು ಒಂದು ಎಮ್ಮೆ. ಅವನ ಅವ್ವ ದೊಡ್ಡಲಕ್ಷ್ಮಮ್ಮ ಹಿಂದೊಮ್ಮೆ ತನ್ನ ಎಮ್ಮೆಯನ್ನು ಕುದೂರಿನವರಿಗೆ ಮಾರಿದ್ದಳು. ಹಗ್ಗ ಕೊಟ್ಟು, ಯಾವ ಹೊತ್ತಿಗೆ ಬೂಸ, ಯಾವ ಹೊತ್ತಿಗೆ ನೀರು ಎಲ್ಲ ಹೇಳಿ ಕಳಿಸಿದ್ದಳು. ವಾರ ಕಳೆಯುವ ಮೊದಲೇ ಕೊಂಡವನು ಜಗಳಕ್ಕೆ ಬಂದ. ಎಮ್ಮೆ ಎಲ್ಲ ತಿನ್ನುತ್ತದೆ, ಹಾಲು ಮಾತ್ರ ಬಿಡುವುದಿಲ್ಲ, ಕೆಚ್ಚಲು ಮುಟ್ಟಿದರೆ ಒದೆಯುತ್ತದೆ. ಅವ್ವ ಒಂದು ಗಳಿಗೆ ಯೋಚಿಸಿ ಒಳಗೆ ಹೋಗಿ, ಹಾಲು ಕರೆಯುವಾಗ ಉಡುತ್ತಿದ್ದ ತನ್ನ ಹಳೆಯ ಕೆಂಪು ಸೀರೆ ತಂದು ಅವನ ಹೆಗಲಿಗೆ ಹಾಕಿದಳು. “ನಿನ್ನೆಂಡ್ತಿಗೆ ಇದ ಉಟ್ಕಂಡು ಕೂತ್ಕೊಳ್ಳಕ್ಕೆ ಹೇಳಪ್ಪ. ಹಗ್ಗ ಕೊಟ್ಟೆ, ಸೀರೆ ಕೊಡದ ಮರ್ತ್‌ಬುಟ್ಟೆ.” ಆ ಸೀರೆಯ ವಾಸನೆಗೆ ಎಮ್ಮೆ ಹಾಲು ಬಿಟ್ಟಿತು.

ತಾನೂ ಅದೇ ತಾಯಿಯ ಮಗ, ಎಂದುಕೊಂಡ ನಟರಾಜು. ಮಿಷನ್ನನ್ನು ಹಗ್ಗ ಸಮೇತ ಕಳಿಸಿ ಸೀರೆಯನ್ನು ಮಾವನಿಗೆ ಕೊಟ್ಟುಬಿಟ್ಟೆ. ಅವ್ವ ಮರೆತು ಕೊಡಲಿಲ್ಲ, ನಾನು ಭಕ್ತಿಯಿಂದ ಕೊಟ್ಟೆ. ಅಷ್ಟೇ ವ್ಯತ್ಯಾಸ.

ತಿಪ್ಪಸಂದ್ರದ ಭಜನೆ ಮನೆಯಲ್ಲಿ ಮುನಿಶಾಮಯ್ಯ ಸಿಡಿ ಹಾಕಿಕೊಂಡು ಗೋಡೆಗೊರಗಿ, ತನ್ನ ಹಾಡನ್ನು ತಾನೇ ಕೇಳಿ ತಲೆದೂಗುತ್ತಿದ್ದ.

“ಏನ್ಲಾ ಇದು, ಬೆಳಿಗ್ಗೆ ಕೊಟ್ಟು ಮದ್ಯಾನ್ಕೇ ಬಂದ್ಬುಟ್ಟೆ? ಬಡ್ಡಿ ಕೇಳಕ್ಕೋ?”

“ಮಾವ, ಆ ಸಿಡಿ ವಾಪಸ್ ಬೇಕು.”

“ಗುಡಿಗೆ ಬಂದದ್ದು ವಾಪಸ್ ಎಂಗ್ಲಾ ಹೋಗ್ತದೆ? ಮಂಗಳಾರತಿ ತಟ್ಟೆಗೆ ಹಾಕಿದ್ದ ಚಿಲ್ರೆ ಕೇಳ್ದಂಗಾಯ್ತು.”

“ನಮ್ಮ ಮಿಷನ್ನು ಅದಿಲ್ದೆ ಏಳ್ತಿಲ್ಲ ಮಾವ.”

ಮುನಿಶಾಮಯ್ಯ ಹಾಡು ನಿಲ್ಲಿಸಿ ಎದ್ದು ಕೂತ. “ನನ್ನ ಹಾಡಿಲ್ದೆ ಏಳಲ್ಲ ಅಂತೈತಾ?”

“ಹಂಗೇ ಅಂದ್ಕೊ. ನಿನ್ನ ಹಾಡು ಅರ್ಧ ಓದಿ ನಿಂತದಂತೆ. ಬೇರೆ ಹಾಕಿದ್ರೂ ಬೇಡ ಅಂತದೆ.”

“ಗ್ಯಾನ ಇರೋ ಮಿಷನ್ನು ಕಣ್ಲಾ,” ಎಂದ ಮುನಿಶಾಮಯ್ಯ. ಆದರೂ ಸಿಡಿಗೆ ಕೈ ಹಾಕಲಿಲ್ಲ. “ಶನಿವಾರ ಕಳೀಲಿ, ಕೊಡ್ತೀನಿ. ಊರೋರಿಗೆಲ್ಲ ಹೇಳ್ಬುಟ್ಟಿದ್ದೀನಿ.”

ಬಸ್ ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಬಂದಿದ್ದ ನಟರಾಜುವಿಗೆ ಏದುಸಿರು. ಮಾತಾಡಲು ಬಾಯಿ ತೆರೆದರೆ ಎದೆಯಿಂದ ಸಿಳ್ಳೆ ಬಂತು. ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತ.

“ಇವತ್ತು ಅದು ಏಳ್ಲಿಲ್ಲ ಅಂದ್ರೆ ರೂಮು ಹೋಯ್ತದೆ ಮಾವ. ಮತ್ತೆ ಬಾಯ್ಲರಿಗೆ ಹಾಕ್ತಾರೆ.”

ಮುನಿಶಾಮಯ್ಯ ಆ ಸಿಳ್ಳೆಯನ್ನು ಬಲ್ಲ. ಹಿಂದೆ ಅಕ್ಕನ ಮನೆಯ ಜಗಲಿಯಲ್ಲಿ ಇದೇ ನಟರಾಜು ಮಲಗಲಾರದೆ ಕೂತು ಉಸಿರೆಳೆಯುವುದನ್ನೂ, ಅಕ್ಕ ಬೆನ್ನು ನೀವುವುದನ್ನೂ ನೋಡಿದ್ದವನು. ಸಿಡಿ ತೆಗೆದು ಪಂಚೆಯ ಚುಂಗಿನಿಂದ ಒರೆಸಿ, ಕವರಿಗೆ ಹಾಕಿ, ಹೆಗಲ ಮೇಲೆ ಟವೆಲು ಹಾಕಿಕೊಂಡ.

“ನಡಿ, ನಾನೂ ಬತ್ತೀನಿ. ಎಲ್ಲಿಗೆ ನಿಲ್ಲಿಸೈತೆ ಅಂತ ನೋಡ್ಬೇಕು.”

ಅವರು ಕಾರ್ಖಾನೆ ಸೇರಿದಾಗ ಬಿಸಿಲು ಇಳಿದಿತ್ತು. ಸಾಹೇಬರು ಆಗಲೇ ರೂಮಿನಲ್ಲಿದ್ದರು. ಯಾವ ಮೂಲೆಯಲ್ಲಿ ಎಷ್ಟು ಮೂಟೆ ಹಿಡಿಯಬಹುದು ಎಂದು ಕಣ್ಣಳತೆ ಮಾಡುತ್ತಿದ್ದರು ಎಂದು ನಟರಾಜುವಿಗೆ ಅನ್ನಿಸಿತು. ಜುವೇರಿಯಾ ಸಿಡಿಯನ್ನು ಬೆಳಕಿಗೆ ಹಿಡಿದಳು. ಒಂದು ಕಡೆ ಕುಂಕುಮದ ಬೆರಳಚ್ಚಿತ್ತು. ಒರೆಸಲು ಬಟ್ಟೆ ತೆಗೆದುಕೊಂಡವಳು, ನಟರಾಜುವಿನ ಮುಖ ನೋಡಿ, “ಮೇಲಿನ ಪಕ್ಕ ಇದೆ, ಇರಲಿ ಬಿಡಿ,” ಎಂದು ಹಾಗೇ ಹೊಸ ಡಬ್ಬಿಯ ಬಾಯಿಗಿಟ್ಟಳು.

ಪರದೆಯ ಮೇಲೆ ಒಂದು ಪಟ್ಟಿ ನಿಧಾನವಾಗಿ ತುಂಬತೊಡಗಿತು. ಮೆಮೊರಿ ದಾಟಿತು. ಪರದೆ ದಾಟಿತು. ಸಿಡಿಯ ಭಾಗಕ್ಕೆ ಬಂದು ನಿಂತಿತು. ನಟರಾಜು ಉಸಿರು ಹಿಡಿದ. ಅವನಿಗೆ ಅದು ಮೊದಲೇ ಸುಲಭದ ಕೆಲಸವಲ್ಲ. ಡ್ರೈವು ಗುರ್ರೆಂದು ಸಿಡಿಯನ್ನು ತಿರುಗಿಸಿ ನೋಡಿತು.

“—ಬೇಡ ನಮ್ಮ ಸಂಗಾ!”

ರೂಮಿನವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಹಾರಿದರು. ಹೊಸ ಡಬ್ಬಿಯ ಜೊತೆ ಹೊಸ ಸ್ಪೀಕರುಗಳೂ ಬಂದಿದ್ದವು, ಅವುಗಳ ವೈರನ್ನು ಯಾರೂ ಕಿತ್ತಿರಲಿಲ್ಲ. ವರ್ಷವಿಡೀ ಸದ್ದಿಲ್ಲದೆ ಹಾಡಿದ್ದ ಮುನಿಶಾಮಯ್ಯ ಈಗ ತಾಳ, ತಂಬೂರಿ, ಹಾರ್ಮೋನಿಯಂ ಸಮೇತ ಕಾರ್ಖಾನೆಗೆಲ್ಲ ಕೇಳುವಂತೆ ಹಾಡುತ್ತಿದ್ದ. ‘ಮಾಗಡಿ ರಂಗ, ಮರಿ’ ಎಂಬಲ್ಲಿಗೆ ಬೆಳಿಗ್ಗೆ ನಿಂತಿತ್ತು. ಈಗ ಉಳಿದದ್ದನ್ನು, ಉಸಿರೂ ತೆಗೆದುಕೊಳ್ಳದೆ, ಅಲ್ಲಿಂದಲೇ ಎತ್ತಿಕೊಂಡಿತ್ತು.

ಜುವೇರಿಯಾ ಪರದೆ ನೋಡಿದಳು. ಬಣ್ಣದ ಪ್ರೋಗ್ರಾಮು ಎದ್ದು ಕೂತಿತ್ತು. ಕೀಲಿ ಕೇಳಲಿಲ್ಲ. ಬೆಳಿಗ್ಗೆ ತೋರಿಸುತ್ತಿದ್ದ ರಾಮಾ ಹಸಿರನ್ನೇ ತೋರಿಸುತ್ತ ಮುಂದೇನು ಎಂದು ಕಾಯುತ್ತಿತ್ತು. ತೊಟ್ಟಿಯ ಕಡೆಯಿಂದ ಒಬ್ಬ ಬಂದು ಬಾಗಿಲಲ್ಲಿ ಇಣುಕಿ, “ನೀರು ಬಿಸಿಯಾಗ್ತೈತೆ ಸಾಹೇಬ್ರೇ, ಯಾರು ಸತ್ರು?” ಎಂದ. ಅವನಿಗೆ ಭಜನೆ ಎಂದರೆ ಅಷ್ಟೇ ಗೊತ್ತು.

“ಯಾರೂ ಇಲ್ಲಪ್ಪ, ಒಬ್ಬರು ಎದ್ರು,” ಎಂದರು ಸಾಹೇಬರು. ಮುನಿಶಾಮಯ್ಯನ ಕಡೆ ತಿರುಗಿ, “ನೀವೇ ಹಾಡಿರೋದಾ? ಗಂಟಲು ಚೆನ್ನಾಗೈತೆ.”

ಮುನಿಶಾಮಯ್ಯ ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದ. ಕಿವಿಗೊಟ್ಟು ಕೇಳಿ ತಲೆಯಾಡಿಸಿದ. “ಇಲ್ಲೇ ಸ್ವಾಮಿ, ಈ ಜಾಗದಲ್ಲೇ ನಾನು ಒಸಿ ಶ್ರುತಿ ಬುಟ್ಟಿದ್ದೆ. ಮಿಷನ್ನು ಗಾಬ್ರಿಯಾಗಿ ನಿಂತಿರ್ಬೇಕು.”

ಸಾಹೇಬರು ಹೊರಡುವಾಗ ನಟರಾಜುವಿನ ಹೆಗಲ ಮೇಲೆ ಕೈಯಿಟ್ಟರು. “ಬಾಯ್ಲರಿಗೆ ಬೇರೆಯೋರನ್ನ ನೋಡ್ತೀನಿ. ಆ ಸದ್ದು ಒಸಿ ಕಮ್ಮಿ ಮಾಡು.”

ನಟರಾಜು ಹೂಂ ಎಂದ. ಜುವೇರಿಯಾ ಎದ್ದ ಜಾಗದಲ್ಲಿ ಕೂತ. ಬಲಕ್ಕೆ ತಿರುಗಿದ್ದಕ್ಕೆ ಕುರ್ಚಿ ನರಳಿತು. ಅವನಿಗೆ ಅದು ಸಂಗೀತದ ಹಾಗೆ ಕೇಳಿಸಿತು, ಶ್ರುತಿ ಸ್ವಲ್ಪ ಬಿಟ್ಟಿದ್ದರೂ.

ಜುವೇರಿಯಾ ಹೊರಡುವ ಮೊದಲು ಆ ಸಿಡಿಯನ್ನು ಇದ್ದದ್ದು ಇದ್ದಂತೆ ಒಂದು ಫೈಲಾಗಿ ಡಬ್ಬಿಯೊಳಗೆ ಇಳಿಸಿಕೊಟ್ಟಳು. ಇನ್ನು ಮುಂದೆ ಮಿಷನ್ನು ತನ್ನ ಬಾಯಲ್ಲಿ ಸಿಡಿಯಿದೆ ಎಂದೇ ತಿಳಿದಿರುತ್ತದೆ, ಎಲ್ಲಿಗೆ ಸಾಗಿಸಿದರೂ ಅದು ಜೊತೆಗೇ ಹೋಗುತ್ತದೆ. ನಿಜವಾದ ಸಿಡಿ ಮುನಿಶಾಮಯ್ಯನ ಜೊತೆ ಕೊನೆಯ ಬಸ್ಸಿಗೆ ಮುಂಚಿನ ಬಸ್ಸಿನಲ್ಲಿ ತಿಪ್ಪಸಂದ್ರಕ್ಕೆ ಹೋಯಿತು.

“ಫೈಲಾದ್ರೆ ಕುಂಕುಮ ಎಲ್ಲಿಗಿಡೋದು ಮೇಡಂ?” ಎಂದು ನಟರಾಜು ಕೇಳಿದ್ದ.

“ಪರದೆಗಿಡಿ ಅಣ್ಣ. ಬಾಯಿಗೆ ಮಾತ್ರ ಏನೂ ಇಡಬೇಡಿ.”

ಈಗಲೂ ಆರು ತಿಂಗಳಿಗೊಮ್ಮೆ ಅವಳು ಬೆಂಗಳೂರಿನಿಂದ ಫೋನು ಮಾಡಿ, ಮಿಷನ್ನಿನ ಹತ್ತಿರ ಏನಾದರೂ ಇದೆಯಾ ಎಂದು ಕೇಳುತ್ತಾಳೆ. ನಟರಾಜು ಏನೂ ಇಲ್ಲ ಎನ್ನುವುದಿಲ್ಲ. ಎದ್ದು, ಸುತ್ತ ಒಂದು ಸಲ ನೋಡಿ ಬಂದು ಹೇಳುತ್ತಾನೆ. ಪರದೆ ಮೇಲೆ ಕುಂಕುಮ ಐತೆ. ಬ್ಯಾಟರಿ ಪಕ್ಕ ಒಂದು ನಿಂಬೆಹಣ್ಣು ಐತೆ, ಒಣಗಿದೆ. ಒಳಗೆ ರಂಗಯ್ಯ ಅವನೆ, ಸದ್ದಿಲ್ಲ. ಕುರ್ಚಿ ಮೇಲೆ ನಾನಿದ್ದೀನಿ ಮೇಡಂ.